ನಮ್ಮ ಗದ್ದೆಯ ಉಪಗ್ರಹ ಚಿತ್ರ ನಮಗೇ ಯಾಕೆ ಸಿಗುವುದಿಲ್ಲ?

ಖಾನಾಪುರದ ಗದ್ದೆಗಳ ಮೇಲೆ ಉಪಗ್ರಹ ಹಾಯುತ್ತದೆ, ಚಿತ್ರ ತೆಗೆಯುತ್ತದೆ, ಹೋಗುತ್ತದೆ. ಆ ಚಿತ್ರ ಹೈದರಾಬಾದಿನಲ್ಲಿದೆ, ಯುರೋಪಿನಲ್ಲೂ ಇದೆ. ಗದ್ದೆಯ ಮಾಲೀಕನ ಕೈಯಲ್ಲಿ ಮಾತ್ರ ಇಲ್ಲ. ಇದು ಸರಿಯಲ್ಲ.

ಚಿತ್ರ ನೋಡಿ ರೈತ ಏನು ಮಾಡುತ್ತಾನೆ ಅಂತ ಕೇಳುವವರಿಗೆ ಮೊದಲ ಉತ್ತರ ಬೆಳೆವಿಮೆ. ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ 'ಯೆಸ್-ಟೆಕ್' ಎಂಬ ಪದ್ಧತಿ ತಂದರು. ಭತ್ತ ಮತ್ತು ಗೋಧಿಯ ಇಳುವರಿ ಲೆಕ್ಕದಲ್ಲಿ ಕನಿಷ್ಠ ಶೇ. 30ರಷ್ಟು ತೂಕ ಉಪಗ್ರಹ ಆಧರಿಸಿದ ಅಂದಾಜಿಗೆ ಕೊಡಬೇಕೆಂಬುದು ಅದರ ನಿಯಮ. ಖಾನಾಪುರ ಭತ್ತದ ತಾಲ್ಲೂಕು. ಬೆಳೆ ಕಟಾವು ಪ್ರಯೋಗ ಗದ್ದೆಯಲ್ಲೇ ನಡೆಯುತ್ತದೆ. ರೈತ ನಿಂತು ನೋಡಬಹುದು, ತೂಕ ತಪ್ಪಿದರೆ ಜಗಳ ಮಾಡಬಹುದು. ಉಪಗ್ರಹದ ಜೊತೆ ಜಗಳ ಮಾಡುವುದು ಹೇಗೆ? ತಕ್ಕಡಿ ತೋರಿಸದ ದಲಾಲನಿಗೆ ನಾವು ಮಾಲು ಹಾಕುತ್ತೇವೆಯೇ?

ಚಿತ್ರಗಳನ್ನು ಸರ್ಕಾರ ಬಚ್ಚಿಟ್ಟಿದೆ ಅಂತ ನಾವು ಹೇಳುತ್ತಿಲ್ಲ. 5 ಮೀಟರ್ ಮತ್ತು ಅದಕ್ಕಿಂತ ದಪ್ಪನೆಯ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ, ಮುಕ್ತವಾಗಿ ಕೊಡಬೇಕೆಂದು 2023ರ ಭಾರತೀಯ ಬಾಹ್ಯಾಕಾಶ ನೀತಿಯೇ ಹೇಳುತ್ತದೆ. ಇಸ್ರೋದ 'ಭೂನಿಧಿ' ಪೋರ್ಟಲ್ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರವೂ ಪುಕ್ಕಟೆ. ಅದರಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಒಂದು ಎಕರೆಗೆ ಸುಮಾರು 40 ಚುಕ್ಕೆ. ಬೆಳೆ ಹಸಿರಾಗಿದೆಯೋ ಒಣಗಿದೆಯೋ ತಿಳಿಯಲು ಇಷ್ಟು ಸಾಕು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಒಂದು ಚಿತ್ರ ನೂರಾರು ಎಂಬಿ, ಪೋರ್ಟಲ್ ಇಂಗ್ಲಿಷಿನಲ್ಲಿ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಚಿತ್ರಕ್ಕೆ ಉಪಗ್ರಹದ ಹಾದಿಯ ನಂಬರ್, ನಿಮ್ಮ ಉತಾರಕ್ಕೆ ಸರ್ವೆ ನಂಬರ್. ಮಳೆಯ ಲೆಕ್ಕ ಹೋಬಳಿಗೆ, ವಿಮೆಯ ಲೆಕ್ಕ ಪಂಚಾಯ್ತಿಗೆ. ಒಂದೇ ಗದ್ದೆಯ ನಾಲ್ಕು ಕಾಗದ ನಾಲ್ಕು ಕಚೇರಿಯಲ್ಲಿವೆ, ಒಂದಕ್ಕೊಂದು ಪರಿಚಯವೇ ಇಲ್ಲ.

ಹೆಸರು ನೋಡಿ ಹೊಂದಿಸಿಕೊಳ್ಳಿ ಅನ್ನುವಂತೆಯೂ ಇಲ್ಲ. 2014ರ ನವೆಂಬರ್ 1ರವರೆಗೆ ಸರ್ಕಾರಿ ಕಾಗದದಲ್ಲಿ ಬೆಳಗಾಂ, ಆಮೇಲೆ ಬೆಳಗಾವಿ, ಮರಾಠಿಯಲ್ಲಿ ಬೆಳಗಾವ್. ಖಾನಾಪುರ ಎಂಬ ತಾಲ್ಲೂಕು ನಮ್ಮಲ್ಲೂ ಇದೆ, ಪಕ್ಕದ ಸಾಂಗಲಿ ಜಿಲ್ಲೆಯಲ್ಲೂ ಇದೆ. ಕಂಪ್ಯೂಟರಿಗೆ ಯಾವ ಖಾನಾಪುರ ಅಂತ ಹೇಗೆ ಗೊತ್ತಾಗಬೇಕು?

ಇದಕ್ಕೆ ಪರಿಹಾರ ಹೊಸದೇನಲ್ಲ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 2006ರಲ್ಲೇ ಬರೆದಿಟ್ಟಿದ್ದಾರೆ. ಪ್ರತಿ ವಸ್ತುವಿಗೂ ವೆಬ್‌ನಲ್ಲಿ ಒಂದು ಶಾಶ್ವತ ವಿಳಾಸ ಕೊಡಿ, ಆ ವಿಳಾಸ ತೆರೆದರೆ ಅದರ ಮಾಹಿತಿ ಸಿಗಲಿ, ಅಲ್ಲಿಂದ ಸಂಬಂಧಪಟ್ಟ ಬೇರೆ ಮಾಹಿತಿಗೆ ಕೊಂಡಿ ಇರಲಿ. ಇದನ್ನೇ ಲಿಂಕ್ಡ್ ಓಪನ್ ಡೇಟಾ ಅನ್ನುತ್ತಾರೆ. ದೇಶದ ಪ್ರತಿ ಹಳ್ಳಿಗೂ ಕೇಂದ್ರದ ಪಂಚಾಯತ್ ರಾಜ್ ಇಲಾಖೆಯ ಪಟ್ಟಿಯಲ್ಲಿ ಈಗಾಗಲೇ ಒಂದು ಕೋಡ್ ಇದೆ. ಸರ್ವೆ ನಂಬರಿನ ನಕ್ಷೆ ದಿಶಾಂಕ್ ಆ್ಯಪ್‌ನಲ್ಲಿದೆ. ಇವುಗಳಿಗೆ ಚಿತ್ರ, ಮಳೆ, ವಿಮೆಯ ಕೊಂಡಿ ಹಾಕಬೇಕು, ಅಷ್ಟೇ.

ಆಗ ಏನಾಗುತ್ತದೆ? 2019ರ ಆಗಸ್ಟ್ ಪ್ರವಾಹ ನೆನಪಿಸಿಕೊಳ್ಳಿ. ಯಾರ ಹೊಲದಲ್ಲಿ ನೀರು ನಿಂತಿತ್ತು ಅನ್ನುವುದಕ್ಕೆ ಪಂಚನಾಮೆಯೇ ಗತಿಯಾಗಿತ್ತು. ಟಿಳಕವಾಡಿಯಿಂದ ದೂರವಿಲ್ಲದ ಶಹಾಪುರ, ವಡಗಾಂವಿ, ಯಳ್ಳೂರು ಕಡೆ ಬಳ್ಳಾರಿ ನಾಲಾ ಉಕ್ಕಿದಾಗ ಭತ್ತದ ಗದ್ದೆ ಮುಳುಗುತ್ತದೆ. ಎಷ್ಟು ದಿನ ಮುಳುಗಿತ್ತು ಎಂಬ ವಾದ ಪ್ರತಿ ಸಲವೂ ಬಾಯಿಮಾತಿನಲ್ಲೇ ಮುಗಿಯುತ್ತದೆ. ಸರ್ವೆ ನಂಬರ್ ಮತ್ತು ತಾರೀಖು ಹಾಕಿದರೆ ಚಿತ್ರ ಬರುವಂತಿದ್ದರೆ ವಾದಕ್ಕೆ ಸಾಕ್ಷಿ ಇರುತ್ತಿತ್ತು.

ಮಳೆಗಾಲದ ಮೋಡದಲ್ಲಿ ಏನೂ ಕಾಣುವುದಿಲ್ಲ ಅನ್ನುವವರಿದ್ದಾರೆ. ಸಾಧಾರಣ ಕ್ಯಾಮೆರಾಗೆ ಆ ಮಾತು ನಿಜ. ರೇಡಾರ್ ಉಪಗ್ರಹಕ್ಕೆ ಮೋಡ ಅಡ್ಡಿಯಲ್ಲ, ನಿಂತ ನೀರು ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಇಸ್ರೋದ ಇಒಎಸ್-04 ಹಾರಿದ್ದು 2022ರಲ್ಲಿ, ಅಮೆರಿಕದ ಜೊತೆ ಸೇರಿ ಮಾಡಿದ ನಿಸಾರ್ 2025ರಲ್ಲಿ. ಆದರೆ ಉಪಗ್ರಹ ದಿನವೂ ಬರುವುದಿಲ್ಲ, ನಡುವಿನ ದಿನ ತಪ್ಪುತ್ತವೆ. ಹಾಗಾಗಿ ಪಂಚನಾಮೆ ಬೇಡ ಅಂತ ನಾವು ಹೇಳುವುದಿಲ್ಲ. ಪಂಚನಾಮೆಯ ಪಕ್ಕದಲ್ಲಿ ಚಿತ್ರವೂ ಇರಲಿ.

ಭದ್ರತೆಯ ಮಾತು ಎತ್ತುವವರಿಗೆ: ಯುರೋಪಿನವರು ನಮ್ಮ ಗದ್ದೆಯನ್ನು ಜಗತ್ತಿಗೇ ತೋರಿಸುತ್ತಿರುವಾಗ ನಮ್ಮಿಂದ ಮುಚ್ಚಿಡುವುದೇನು? ಖಾಸಗಿತನದ ಚಿಂತೆ ನ್ಯಾಯವಾದದ್ದು. ಅದಕ್ಕೇ ಮಾಲೀಕನ ಹೆಸರು, ಸಾಲದ ವಿವರ ಇದರಲ್ಲಿ ಬೇಡ. ಖರ್ಚಿನ ಮಾತಿಗೆ ಅಮೆರಿಕದ ಉದಾಹರಣೆ ಸಾಕು. ಹಿಂದೆ ದುಡ್ಡಿಗೆ ಮಾರುತ್ತಿದ್ದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು 2008ರಲ್ಲಿ ಪುಕ್ಕಟೆ ಮಾಡಿದರು. ಬಳಸುವವರು ಹಲವು ಪಟ್ಟು ಹೆಚ್ಚಿದರು. ಇನ್ನು, ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಅನ್ನುವವರು ಒಮ್ಮೆ ದಿಶಾಂಕ್ ತೆರೆದು ಬದು ಹುಡುಕುವ ರೈತನನ್ನು ನೋಡಲಿ.

ನಾವು ಕೇಳುವುದು ಮೂರೇ. ಪ್ರತಿ ಹಳ್ಳಿಗೆ, ಪ್ರತಿ ಸರ್ವೆ ನಂಬರಿಗೆ ಬದಲಾಗದ ವೆಬ್ ವಿಳಾಸ ಕೊಡಿ, ಕನ್ನಡ, ಮರಾಠಿ, ಇಂಗ್ಲಿಷ್ ಹೆಸರುಗಳು ಅದಕ್ಕೆ ಅಂಟಿರಲಿ. ಆ ವಿಳಾಸದಲ್ಲಿ ತಾರೀಖಿನ ಪ್ರಕಾರ ಚಿತ್ರ ಮೊಬೈಲಿನಲ್ಲಿ ತೆರೆಯುವಷ್ಟು ಸಣ್ಣದಾಗಿ ಸಿಗಲಿ. ಉಪಗ್ರಹ ನೋಡಿ ವಿಮೆ ಲೆಕ್ಕ ಹಾಕಿದ ಕಡೆಯಲ್ಲೆಲ್ಲ ಯಾವ ದಿನದ ಯಾವ ಚಿತ್ರ ಬಳಸಿದರು ಅನ್ನುವುದು ಪಂಚಾಯ್ತಿವಾರು ಪ್ರಕಟವಾಗಲಿ.

ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ಠರಾವಿನಲ್ಲಿ ಬರೆಸಿ. ಪಿಡಿಒ ಇದು ನಮ್ಮ ಕೈಯಲ್ಲಿಲ್ಲ ಅನ್ನಬಹುದು. ಹೌದು, ಆದರೆ ಮೇಲಕ್ಕೆ ಕಳಿಸುವುದು ಅವರ ಕೈಯಲ್ಲಿದೆ. ಠರಾವಿನ ನಕಲು ಕೇಳಿ ಇಸಿದುಕೊಂಡೇ ಮನೆಗೆ ಹೋಗಿ.