ಹಳೆಯ ಕಾರಿಗೆ ಹೊಸ ಸೈಲೆನ್ಸರ್: ಲಾಭವೆಷ್ಟು, ನಷ್ಟವೆಷ್ಟು?

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ವ್ಯಾಪಾರಸ್ಥರ ಲೆಕ್ಕಪುಸ್ತಕಗಳಲ್ಲಿ ಹಳೆಯ ಸಣ್ಣ ಕಾರಿಗೆ ದೊರೆಯುವ ಸ್ಥಾನ ಅತ್ಯಲ್ಪ. 2 ಲಕ್ಷ ರೂಪಾಯಿಗೆ ಕೊಂಡ ಕಾರಿನ ಮೇಲೆ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆಯುತ್ತ ಹೋದರೆ 15 ವರ್ಷಗಳ ಕೊನೆಯಲ್ಲಿ ಅದರ ಪುಸ್ತಕ ಮೌಲ್ಯ ಸುಮಾರು 17,500 ರೂಪಾಯಿಗೆ ಇಳಿದಿರುತ್ತದೆ. ಆದರೂ ವಸೂಲಿಗೆ, ಬ್ಯಾಂಕಿಗೆ, ಬೆಳಗಾವಿಯ ಸಗಟು ಪೇಟೆಗೆ ಓಡಾಡಲು ಆಧಾರವಾಗಿರುವುದು ಅದೇ ಕಾರು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ಉತ್ಪಾದನೆ 2014ರ ಜನವರಿಯಲ್ಲಿ ನಿಂತುಹೋಯಿತು. ಆದರೆ ಆ ಕಾರು, ಅದರ ನಂತರ ಬಂದ ಆಲ್ಟೊ, ಸ್ಯಾಂಟ್ರೊ, ಇಂಡಿಕಾಗಳು ಇನ್ನೂ ದುಡಿಯುತ್ತಿವೆ.

ಇಂತಹ ಕಾರುಗಳಿಗೆ ಕಡಿಮೆ ಖರ್ಚಿನಲ್ಲಿ 'ಶಕ್ತಿ ಹೆಚ್ಚಿಸುವ' ಗೀಳು ಕಾಣಿಸಿಕೊಂಡಿದೆ. ತಂದೆಯ ಅಂಗಡಿಯಲ್ಲಿ ಬಂದು ಕೂರತೊಡಗಿದ ಮಗ ಮೊದಲು ಕೈಹಾಕುವುದು ಕಾರಿಗೆ. ಮೂಲ ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆಗೆದು ಶಂಕುವಿನಾಕಾರದ ತೆರೆದ ಫಿಲ್ಟರ್ ಜೋಡಿಸುವುದು, ಹಿಂದೆ ಅಗಲ ಬಾಯಿಯ ಸೈಲೆನ್ಸರ್ ಕೂಡಿಸುವುದು ಈಗಿನ ರೂಢಿ. ಎಂಜಿನ್ ಸರಾಗವಾಗಿ ಉಸಿರಾಡಿದರೆ ಪಿಕಪ್ ಮತ್ತು ಮೈಲೇಜ್ ಎರಡೂ ಹೆಚ್ಚುತ್ತವೆ ಎಂಬುದು ಇದರ ಸಮರ್ಥನೆ. ವೆಚ್ಚ ಮಾಡುವ ಮೊದಲು ಈ ಮಾತನ್ನು ತಕ್ಕಡಿಯಲ್ಲಿಟ್ಟು ತೂಗುವುದು ವ್ಯಾಪಾರಿಯ ಧರ್ಮ.

ಉಸಿರಿನ ಲೆಕ್ಕ

796 ಸಿ.ಸಿ.ಯ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಹೆಚ್ಚೆಂದರೆ 2,400 ಲೀಟರ್‌ನಷ್ಟು ಗಾಳಿಯನ್ನು ಒಳಗೆಳೆಯಬಲ್ಲದು. 2,500 ಸುತ್ತಿನಲ್ಲಿ ಈ ಪ್ರಮಾಣ 1,000 ಲೀಟರ್ ಮಾತ್ರ. ಮೂಲ ಫಿಲ್ಟರ್ ಇದಕ್ಕೆ ಧಾರಾಳವಾಗಿ ಸಾಲುತ್ತದೆ. ಅಲ್ಲದೆ ನಿತ್ಯದ ಓಡಾಟದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತುವುದು ವಿರಳ. ಅರ್ಧ ಮುಚ್ಚಿದ ಥ್ರಾಟಲ್ ಬಾಗಿಲೇ ಆಗ ಗಾಳಿಯನ್ನು ತಡೆಯುತ್ತಿರುತ್ತದೆ. ಬಾಗಿಲು ಅರ್ಧ ಮುಚ್ಚಿರುವಾಗ ಅಂಗಳವನ್ನು ಅಗಲ ಮಾಡಿ ಫಲವಿಲ್ಲ.

ತೆರೆದ ಫಿಲ್ಟರಿಗೆ ಇನ್ನೊಂದು ದೋಷವಿದೆ. ಕಾರ್ಖಾನೆಯಲ್ಲಿ ಜೋಡಿಸಿದ ಕೊಳವೆ ಹೊರಗಿನ ತಂಪು ಗಾಳಿಯನ್ನು ತರುತ್ತದೆ; ಶಂಕುವಿನ ಫಿಲ್ಟರ್ ಬಾನೆಟ್ಟಿನ ಒಳಗಿನ ಬಿಸಿ ಗಾಳಿಯನ್ನೇ ಹೀರುತ್ತದೆ. 40 ಡಿಗ್ರಿಯ ಗಾಳಿ 70 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಸುಮಾರು ಶೇ. 9ರಷ್ಟು ಕುಸಿಯುತ್ತದೆ. ಹೆಚ್ಚು ಗಾಳಿಗಾಗಿ ಹಣ ತೆತ್ತು ಕಡಿಮೆ ಗಾಳಿ ಪಡೆದಂತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಧೂಳಿನದು. ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಮೂರೂ ತಾಲ್ಲೂಕುಗಳ ರಸ್ತೆಗಳ ಮೇಲೆ ಜೋಡು ಟ್ರೇಲರುಗಳ ಟ್ರ್ಯಾಕ್ಟರ್ ಸಾಲು ಹಗಲಿರುಳು ಸಾಗುತ್ತಿರುತ್ತದೆ. ಅದರ ಹಿಂದೆ ತೆವಳುವ ಕಾರು ಸೇವಿಸುವುದು ಗಾಳಿಗಿಂತ ಧೂಳನ್ನೇ. ಒಳ್ಳೆಯ ಕಾಗದದ ಫಿಲ್ಟರ್ ಸೂಕ್ಷ್ಮ ಕಣಗಳನ್ನು ತಡೆಹಿಡಿಯುತ್ತದೆ. ಅಗ್ಗದ ತೆರೆದ ಫಿಲ್ಟರ್ ಅವುಗಳಲ್ಲಿ ಹೆಚ್ಚಿನ ಪಾಲನ್ನು ಒಳಗೆ ಬಿಡುತ್ತದೆ. ಆ ಕಣಗಳು ಪಿಸ್ಟನ್ ರಿಂಗುಗಳನ್ನೂ ಸಿಲಿಂಡರನ್ನೂ ಸವೆಸಿ ಎಂಜಿನ್ ಆಯಿಲ್ ಕುಡಿಯುವಂತೆ ಮಾಡುತ್ತವೆ. ಕಾರಿನ ಪುಸ್ತಕ ಮೌಲ್ಯವನ್ನು ಮೀರಿದ ದುರಸ್ತಿ ವೆಚ್ಚ ಆಗ ಎದುರಾಗುತ್ತದೆ.

ಸೈಲೆನ್ಸರಿನ ಮಾತೂ ಬೇರೆಯಲ್ಲ. ಅತಿ ಅಗಲದ ಕೊಳವೆಯಿಂದ ಏನಾದರೂ ಲಾಭವಿದ್ದರೆ ಅದು ಎಂಜಿನ್ ಅತಿ ವೇಗದಲ್ಲಿ ತಿರುಗುವಾಗ ಮಾತ್ರ. ಕಬ್ಬಿನ ಟ್ರೇಲರನ್ನು ಹಿಂದೆ ಹಾಕಲು ಬೇಕಾಗುವುದು ಕೆಳಗಿನ ಸುತ್ತುಗಳ ಎಳೆತ. ಅದು ಕುಗ್ಗುವ ಸಂಭವವೇ ಹೆಚ್ಚು. ಶಬ್ದ ಏರಿದ್ದರಿಂದ ವೇಗವೂ ಏರಿತೆಂಬ ಭ್ರಮೆ ಹುಟ್ಟುತ್ತದೆ. ಮಂತ್ರಕ್ಕಿಂತ ಉಗುಳೇ ಹೆಚ್ಚು ಎಂಬ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು.

ಮೈಲೇಜಿನ ಲೆಕ್ಕ

ತಿಂಗಳಿಗೆ 1,000 ಕಿ.ಮೀ. ಓಡುವ, ಲೀಟರಿಗೆ 15 ಕಿ.ಮೀ. ಕೊಡುವ ಕಾರು ವರ್ಷಕ್ಕೆ 800 ಲೀಟರ್ ಪೆಟ್ರೋಲ್ ಬಳಸುತ್ತದೆ. ಲೀಟರಿಗೆ 100 ರೂಪಾಯಿಯೆಂದು ಹಿಡಿದರೆ ವೆಚ್ಚ 80,000 ರೂಪಾಯಿ. ಫಿಲ್ಟರ್ ಮತ್ತು ಸೈಲೆನ್ಸರಿಗೆ 12,000 ರೂಪಾಯಿ ಸುರಿದು ಶೇ. 5ರಷ್ಟು ಉಳಿತಾಯವಾಯಿತೆಂದೇ ಒಪ್ಪಿದರೂ ವರ್ಷಕ್ಕೆ ಉಳಿಯುವುದು 4,000. ಹಾಕಿದ ಹಣ ಮರಳಲು ಮೂರು ವರ್ಷ ಬೇಕು. ಆ ಶೇ. 5 ಕೂಡ ಕೈಗೆ ಬರುವುದು ಸಂದೇಹ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಂಪ್ಯೂಟರ್ ನಿಯಂತ್ರಿತ ಇಂಧನ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಗಮನಾರ್ಹವಾಗಿ ಕುಸಿಯಲಿಲ್ಲ, ಕುಗ್ಗಿದ್ದು ಪಿಕಪ್. ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳಲ್ಲಿ ಮಾತ್ರ ಹೊಸ ಫಿಲ್ಟರಿನಿಂದ ಅಲ್ಪ ಉಳಿತಾಯವಿದೆ. ಅದು ಕೆಲವು ನೂರು ರೂಪಾಯಿಯ ಮೂಲ ಫಿಲ್ಟರಿನಿಂದಲೇ ದೊರೆಯುತ್ತದೆ.

ಮೈಲೇಜ್ ಕುಸಿಯಲು ಬೇರೊಂದು ಕಾರಣವೂ ಇದೆ. ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ತಲುಪಿತು. ಬೆಳಗಾವಿ ಜಿಲ್ಲೆಯ ಕಬ್ಬಿಗೂ ಇದರಿಂದ ಬೇಡಿಕೆ ಬಂದಿರುವುದು ಸಂತೋಷವೇ. ಆದರೆ ಎಥನಾಲಿನಲ್ಲಿ ಶಕ್ತಿಯ ಅಂಶ ಕಡಿಮೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಇಂಧನ ಕ್ಷಮತೆ ಸರಾಸರಿ ಶೇ. 6ರಿಂದ 7ರಷ್ಟು ತಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಈ ಕೊರತೆಯನ್ನು ಯಾವ ಫಿಲ್ಟರೂ ತುಂಬಲಾರದು. ಕಾರ್ಬ್ಯುರೇಟರ್ ಕಾರಿನಲ್ಲಿ ಎಥನಾಲಿನಿಂದ ಮಿಶ್ರಣ ಮೊದಲೇ ತೆಳುವಾಗಿರುತ್ತದೆ. ಅದಕ್ಕೆ ಮತ್ತಷ್ಟು ಗಾಳಿ ಸೇರಿದರೆ ಎಂಜಿನ್ ಇನ್ನೂ ಕಾಯುತ್ತದೆ.

ಕಾಯ್ದೆ ಮತ್ತು ಖಾತೆ

ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಇಲ್ಲವೆ ಎರಡೂ ವಿಧಿಸಬಹುದು. ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ ಮೊದಲ ಅಪರಾಧಕ್ಕೇ 10,000 ರೂಪಾಯಿವರೆಗೆ ದಂಡವಿದೆ.  ಅಪಘಾತವಾದರೆ, ತಿಳಿಸದೆ ಮಾಡಿದ ಮಾರ್ಪಾಡು ವಿಮಾ ಕಂಪನಿಗೆ ತಕರಾರಿನ ಅವಕಾಶ ನೀಡುತ್ತದೆ.

15 ವರ್ಷ ತುಂಬಿದ ಕಾರನ್ನು ಮರುನೋಂದಣಿಗಾಗಿ ತಪಾಸಣೆಗೆ ಒಯ್ಯಲೇಬೇಕು. 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೇರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳಿಗೆ 10,000 ನಿಗದಿಯಾಯಿತು. ಇಷ್ಟು ತೆತ್ತು ಉಳಿಸಿಕೊಳ್ಳುವ ಕಾರು ಒಂದು ಸೈಲೆನ್ಸರಿಗಾಗಿ ಅನುತ್ತೀರ್ಣವಾಗುವುದು ವಿವೇಕವಲ್ಲ.

ಖಾತೆಯಲ್ಲಿಯೂ ಈ ವೆಚ್ಚಕ್ಕೆ ಆಶ್ರಯವಿಲ್ಲ. ಹಾಳಾದ ಭಾಗಕ್ಕೆ ಅದೇ ಬಗೆಯ ಭಾಗ ಹಾಕಿದರೆ ಅದು ದುರಸ್ತಿ ಖರ್ಚು; ಹೊಸ ಅನುಕೂಲಕ್ಕಾಗಿ ಮಾರ್ಪಾಡು ಮಾಡಿದರೆ ಅದು ಬಂಡವಾಳ ವೆಚ್ಚವೆಂಬ ಪ್ರಶ್ನೆ ಏಳುತ್ತದೆ. ಮನೆಯ ಬಳಕೆಯ ಪಾಲನ್ನು ಕಳೆಯಲೇಬೇಕು. ಕಾನೂನು ಮುರಿದದ್ದಕ್ಕೆ ತೆತ್ತ ದಂಡ ವ್ಯಾಪಾರದ ಖರ್ಚೆನಿಸದು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿ.ಎಸ್.ಟಿ. ಶೇ. 18ಕ್ಕೆ ನಿಂತಿದೆಯಾದರೂ, ಸ್ವಂತ ಓಡಾಟದ ಕಾರಿನ ಮೇಲೆ ತೆರಿಗೆಯ ಹೂಡುವಳಿ ಜಮೆ ಸಿಗುವುದಿಲ್ಲ. ಇನ್ನು ವಹಿವಾಟಿನ ಶೇ. 8 ಅಥವಾ 6ರ ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗೆ ಯಾವ ಖರ್ಚಿಗೂ ಪ್ರತ್ಯೇಕ ಕಡಿತವಿಲ್ಲ. ಹೋದ ಪ್ರತಿ ರೂಪಾಯಿಯೂ ಜೇಬಿನಿಂದಲೇ ಹೋದದ್ದು.

ಮಾಡಬೇಕಾದ್ದೇನು?

ಹಳೆಯ ಕಾರಿನ ಉಸಿರಿಗೆ ಹಣ ಹಾಕಬಾರದೆಂದು ಇದರ ಅರ್ಥವಲ್ಲ. ಹಂಗಾಮಿಗೆ ಮೊದಲು ಹೊಸ ಕಾಗದದ ಫಿಲ್ಟರ್, ಒಡಕಿಲ್ಲದ ಗಾಳಿ ಕೊಳವೆ, ಶುಚಿಯಾದ ಥ್ರಾಟಲ್, ಸರಿಯಾದ ಪ್ಲಗ್ಗು ಮತ್ತು ಗಟ್ಟಿಯಾದ ಪೆಟ್ರೋಲ್ ರಬ್ಬರ್ ಪೈಪುಗಳು ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಅಷ್ಟೇ ನೀರು ಹಬೆಯಾಗಿ ಹೊರಬರುತ್ತದೆ. ಪೇಟೆಯೊಳಗಿನ ಚಿಕ್ಕ ಓಡಾಟದಲ್ಲಿ ಅದು ಆರದೆ ಸೈಲೆನ್ಸರನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಕೊಳವೆ ತೂತಾದರೆ ಆಮ್ಲಜನಕ ಸೆನ್ಸರ್ ತಪ್ಪು ಓದಿ ಪೆಟ್ರೋಲ್ ಹೆಚ್ಚು ಸುರಿಯಬಹುದು. ವಿಷಾನಿಲ ಕುಟುಂಬದವರು ಕುಳಿತ ಕಾರಿನೊಳಗೇ ನುಗ್ಗಬಹುದು. ಆದ್ದರಿಂದ ಗ್ಯಾಸ್ಕೆಟ್ ಬಿಗಿಗೊಳಿಸಿ ಮೂಲ ಮಾದರಿಯ ಸೈಲೆನ್ಸರ್ ಹಾಕಿಸುವುದೇ ನಿಜವಾದ ಸುಧಾರಣೆ. ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದನ್ನು ಕೀಳಿಸಬಾರದು. ಅದರಲ್ಲಿ ಬೆಲೆಬಾಳುವ ಪ್ಲಾಟಿನಂ ಗುಂಪಿನ ಲೋಹಗಳಿರುತ್ತವೆ.

ಗ್ಯಾರೇಜಿನವರೂ ಈ ಪೇಟೆಯ ಸಣ್ಣ ಉದ್ಯಮಿಗಳೇ. ಸದ್ದಿನ ಸೈಲೆನ್ಸರ್ ಅವರಿಗೆ ಒಮ್ಮೆ ಹಣ ತಂದೀತು. ಕ್ರಮಬದ್ಧ ದುರಸ್ತಿ ವರ್ಷವಿಡೀ ಕೆಲಸ ತರುತ್ತದೆ. ವಾಣಿಜ್ಯ ಸಂಘಗಳು ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಪ್ರತಿ ಹಂಗಾಮಿಗೆ ಮುನ್ನ ಸ್ಥಳೀಯ ಮೆಕ್ಯಾನಿಕರನ್ನು ಸೇರಿಸಿಕೊಂಡು ಒಂದು ದಿನದ ಹೊಗೆ ಹಾಗೂ ಫಿಲ್ಟರ್ ತಪಾಸಣಾ ಶಿಬಿರ ಏರ್ಪಡಿಸುವುದು ಒಳಿತು. ವ್ಯಾಪಾರಿಯ ಪ್ರತಿಷ್ಠೆ ಅವನ ಕಾರಿನ ಸದ್ದಿನಲ್ಲಿಲ್ಲ. ಅದು ಹೇಳಿದ ಹೊತ್ತಿಗೆ ಹೇಳಿದ ಊರನ್ನು ತಲುಪುವುದರಲ್ಲಿದೆ.