ಗತ ಋತುಗಳ ಗೆಲುವು ಯಾರ ಖಾತೆಗೆ?

ಪ್ರತಿವರ್ಷ ಮಾರ್ಚ್ ತಿಂಗಳು ಬಂತೆಂದರೆ ಅಮೇರಿಕದ ಟಿ.ವಿ. ಪರದೆಯ ಮೇಲೆ ಕೆಲವೇ ಸೆಕೆಂಡುಗಳ ಒಂದು ಹಳೆಯ ದೃಶ್ಯ ಮರಳಿ ಮರಳಿ ಮೂಡುತ್ತದೆ. 1983ರ ರಾಷ್ಟ್ರೀಯ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್‌ನ ಕೊನೆಯ ಕ್ಷಣಗಳವು. ಒಂದೆಡೆ ಹಕೀಮ್ ಒಲಾಜುವನ್ ಮತ್ತು ಕ್ಲೈಡ್ ಡ್ರೆಕ್ಸ್ಲರ್‌ರಂತಹ ಅಸಾಮಾನ್ಯ ಪ್ರತಿಭೆಗಳಿದ್ದ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡ. ಇನ್ನೊಂದೆಡೆ, ಗೆಲ್ಲಬಹುದೆಂದು ಹೆಚ್ಚಿನವರು ಎಣಿಸಿಯೇ ಇರದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ. ಅಂಕಗಳು 52-52ರಲ್ಲಿ ಸಮನಾಗಿದ್ದವು. ಜೊತೆಗಾರನೊಬ್ಬ ಬಹುದೂರದಿಂದ ಎಸೆದ ಚೆಂಡು ಗುರಿ ತಲುಪದೆ ಕೆಳಗಿಳಿಯತೊಡಗಿದಾಗ ಲೊರೆಂಝೊ ಚಾರ್ಲ್ಸ್ ಎಂಬ ಯುವಕ ಜಿಗಿದು ಅದನ್ನು ಹಿಡಿದು ಬುಟ್ಟಿಗೆ ತುರುಕಿದರು. ಸಮಯ ಮುಗಿಯಿತು. ಪಂದ್ಯ 54-52ರಲ್ಲಿ ಮುಕ್ತಾಯವಾಯಿತು.

ಆ ದೃಶ್ಯಕ್ಕೆ ಈಗ ನಾಲ್ಕು ದಶಕಗಳು ಮೀರಿವೆ. ಅದನ್ನು ತೋರಿಸಿ ಪಂದ್ಯಾವಳಿಗೆ ಪ್ರಚಾರ ನೀಡಲಾಗಿದೆ, ಜಾಹೀರಾತುಗಳ ನಡುವೆ ಪ್ರಸಾರ ಮಾಡಲಾಗಿದೆ. ಹಾಗಾದರೆ ಚಾರ್ಲ್ಸ್ ಏನಾದರು? ವೃತ್ತಿಪರ ಲೀಗ್‌ನಲ್ಲಿ ಅವರು ಆಡಿದ್ದು ಒಂದೇ ಒಂದು ಋತು. ಬಳಿಕ ವಿದೇಶಗಳಲ್ಲಿ ಆಡಿದರು. ಕೊನೆಗೆ ಬಾಡಿಗೆ ಬಸ್ಸಿನ ಚಾಲಕರಾದರು. 2011ರ ಜೂನ್‌ನಲ್ಲಿ, ತಾನು ಕಲಿತ ವಿಶ್ವವಿದ್ಯಾಲಯವಿರುವ ರಾಲೀ ನಗರದಲ್ಲೇ, ಬಸ್ಸು ಚಲಾಯಿಸುತ್ತಿದ್ದಾಗ ಅಪಘಾತದಲ್ಲಿ ಮೃತಪಟ್ಟರು. ಆಗ ಅವರಿಗೆ 47 ವರ್ಷ. ಚಾಲಕ ವೃತ್ತಿ ಕೀಳೆಂದು ನಾವು ಹೇಳುತ್ತಿಲ್ಲ. ದುಡಿದು ತಿನ್ನುವುದರಲ್ಲಿ ಗೌರವವೇ ಇದೆ. ನಮ್ಮ ಪ್ರಶ್ನೆ ಬೇರೆ. ಒಬ್ಬ ವ್ಯಕ್ತಿಯ ಬದುಕಿನ ಒಂದು ಕ್ಷಣವು ವರ್ಷವರ್ಷವೂ ಆದಾಯ ತರುವ ಸರಕಾಗುವುದಾದರೆ, ಆ ಆದಾಯದಲ್ಲಿ ಆ ವ್ಯಕ್ತಿಗೆ ಪಾಲೇ ಇಲ್ಲದಿರುವುದು ಯಾವ ನ್ಯಾಯ?

ಗತ ಋತುಗಳತ್ತ ಹೊರಳಿ ನೋಡುವುದು ಕ್ರೀಡಾಭಿಮಾನಿಗಳ ಹಳೆಯ ಅಭ್ಯಾಸ. ಯಾವ ವರ್ಷ ಯಾರು ಗೆದ್ದರು, ಯಾವ ತಂಡ ಶ್ರೇಷ್ಠವಾಗಿತ್ತು ಎಂಬ ಚರ್ಚೆಗಳು ನಿರಪಾಯಕಾರಿ, ಕೆಲವೊಮ್ಮೆ ಹಿತಕರ ಕೂಡ. ಆದರೆ ಅಮೇರಿಕದಲ್ಲಿ ಈ ಹಿನ್ನೋಟವು ಇಂದು ಬರೇ ಅಭಿಮಾನಿಗಳ ಹರಟೆಯಾಗಿ ಉಳಿದಿಲ್ಲ. ಅದೊಂದು ದೊಡ್ಡ ಉದ್ದಿಮೆ. ಅದರ ಜೊತೆಗೆ ಅದೊಂದು ಅಧಿಕಾರವೂ ಹೌದು. ಯಾವ ಋತುವನ್ನು ನೆನಪಿನಲ್ಲಿ ಉಳಿಸಬೇಕು, ಯಾವುದನ್ನು ಪುಸ್ತಕದಿಂದ ಅಳಿಸಬೇಕು, ಯಾವುದನ್ನು ಋತುವೆಂದೇ ಪರಿಗಣಿಸಬಾರದು ಎಂಬುದನ್ನು ನಿರ್ಧರಿಸುವವರು ಆಡಿದವರಲ್ಲ, ಆಡಿಸಿದವರು.

ಕಾಲೇಜು ಕ್ರೀಡೆಗಳನ್ನೇ ತೆಗೆದುಕೊಳ್ಳಿ. ಅವುಗಳನ್ನು ನಿಯಂತ್ರಿಸುವ ಎನ್.ಸಿ.ಎ.ಎ. ಎಂಬ ಸಂಸ್ಥೆಯು, ಕಾಲೇಜು ಆಟಗಾರರು ಹವ್ಯಾಸಿಗಳು, ಆದ್ದರಿಂದ ಅವರಿಗೆ ವಿದ್ಯಾರ್ಥಿವೇತನದ ಹೊರತು ಬೇರೇನೂ ಸಲ್ಲಬಾರದು ಎಂದು ದಶಕಗಳ ಕಾಲ ವಾದಿಸಿತು. ‘ವಿದ್ಯಾರ್ಥಿ-ಕ್ರೀಡಾಳು’ ಎಂಬ ಸುಂದರ ಪದವನ್ನು ಆ ಸಂಸ್ಥೆ 1950ರ ದಶಕದಲ್ಲಿ ಚಲಾವಣೆಗೆ ತಂದಿತು. ಅದರ ಹಿಂದೆ ಇದ್ದದ್ದು ವಿದ್ಯೆಯ ಮೇಲಿನ ಪ್ರೀತಿಯಲ್ಲ. ಗಾಯಗೊಂಡ ಆಟಗಾರನನ್ನು ಕಾನೂನು ಕಾರ್ಮಿಕನೆಂದು ಪರಿಗಣಿಸಿ ಪರಿಹಾರ ಕೊಡಿಸೀತೆಂಬ ಭೀತಿ. ಆಟಗಾರನಿಗೆ ಹವ್ಯಾಸದ ಪಾಠ ಹೇಳಿದ ಅದೇ ಸಂಸ್ಥೆ 2010ರಲ್ಲಿ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರಕ್ಕಾಗಿ ಹದಿನಾಲ್ಕು ವರ್ಷಗಳ ಅವಧಿಗೆ ಮಾಡಿಕೊಂಡ ಒಪ್ಪಂದದ ಮೊತ್ತ 1,080 ಕೋಟಿ ಡಾಲರ್. ಆಡುವವನಿಗೆ ಮಾತ್ರ ಹವ್ಯಾಸ, ಉಳಿದವರಿಗೆಲ್ಲ ವ್ಯಾಪಾರ! ಉಂಡೂ ಹೋದ ಕೊಂಡೂ ಹೋದ ಎಂಬ ಗಾದೆ ಇಂತಹವರನ್ನು ಕಂಡೇ ಹುಟ್ಟಿರಬೇಕು.

ಈ ವ್ಯವಸ್ಥೆಯನ್ನು ಅಲುಗಾಡಿಸಿದ ಮೊಕದ್ದಮೆಗಳಲ್ಲೊಂದು ಹುಟ್ಟಿಕೊಂಡದ್ದೇ ಒಂದು ಗತ ಋತುವಿನಿಂದ. 1995ರಲ್ಲಿ ಯು.ಸಿ.ಎಲ್.ಎ. ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಎಡ್ ಒಬ್ಯಾನನ್ ಅದರ ಪ್ರಮುಖ ಆಟಗಾರರಾಗಿದ್ದರು. ಹಲವು ವರ್ಷಗಳ ಬಳಿಕ ಅವರು ಪರಿಚಿತರ ಮನೆಯಲ್ಲಿ ಒಂದು ವೀಡಿಯೋ ಗೇಮ್ ನೋಡಿದರು. ಅದರಲ್ಲಿ ಅದೇ 1995ರ ತಂಡವಿತ್ತು. ಅವರದೇ 31ನೇ ಸಂಖ್ಯೆಯ ಅಂಗಿ ತೊಟ್ಟ, ಅವರಂತೆಯೇ ಎಡಗೈಯಿಂದ ಚೆಂಡೆಸೆಯುವ ಆಟಗಾರನಿದ್ದ. ಇಲ್ಲದೇ ಇದ್ದದ್ದು ಅವರ ಹೆಸರು, ಅವರ ಅನುಮತಿ ಮತ್ತು ಅವರ ಪಾಲು. 2009ರಲ್ಲಿ ಒಬ್ಯಾನನ್ ನ್ಯಾಯಾಲಯದ ಮೆಟ್ಟಿಲೇರಿದರು. ಎನ್.ಸಿ.ಎ.ಎ.ಯ ನಿಯಮಗಳು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವಾಗಿವೆಯೆಂದು 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ತೀರ್ಪಿತ್ತರು. ಮೇಲ್ಮನವಿಯಲ್ಲಿ ಪರಿಹಾರದ ಭಾಗ ಮೊಟಕುಗೊಂಡರೂ ಕಾನೂನು ಉಲ್ಲಂಘನೆಯಾಗಿದೆ ಎಂಬ ಮಾತು ನಿಂತಿತು. 2021ರ ಜೂನ್‌ನಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಒಮ್ಮತದಿಂದ ಆಟಗಾರರ ಪರ ನಿಂತರು. ಅದೇ ವರ್ಷದ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಭಾವಚಿತ್ರದಿಂದ ಹಣ ಗಳಿಸುವುದಕ್ಕೆ ಅವಕಾಶವಾಯಿತು. 2025ರ ಜೂನ್‌ನಲ್ಲಿ ಅದೇ ವಿಲ್ಕನ್ ಅನುಮೋದಿಸಿದ ಒಪ್ಪಂದದ ಪ್ರಕಾರ ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ ಸಂದಾಯವಾಗಬೇಕು. ಕಾಲೇಜುಗಳು ಇನ್ನು ಮುಂದೆ ಆಟಗಾರರಿಗೆ ನೇರವಾಗಿ ಆದಾಯದ ಪಾಲು ನೀಡಬಹುದು.

ಇದು ಸ್ವಾಗತಾರ್ಹ ಬೆಳವಣಿಗೆ, ಸಂಶಯವಿಲ್ಲ. ಆದರೆ ಈ ಬಾಕಿ ಯಾರಿಗೆ? 2016ರಿಂದೀಚೆಗೆ ಆಡಿದವರಿಗೆ ಮಾತ್ರ. 1995ರವರು ಇದರ ಹೊರಗೆ. 1983ರವರೂ ಹೊರಗೆ. ಆ 1983ರ ತಂಡದ ಹಲವು ಸದಸ್ಯರು ತಮ್ಮ ದೃಶ್ಯಗಳ ಬಳಕೆಗೆ ಪರಿಹಾರ ಕೋರಿ 2024ರಲ್ಲಿ ಮೊಕದ್ದಮೆ ಹೂಡಿದರು. 2025ರಲ್ಲಿ ನ್ಯಾಯಾಲಯ ಅದನ್ನು ವಜಾಗೊಳಿಸಿತು. ಕಾಲಮಿತಿ ಮೀರಿದೆ ಎಂಬುದು ಅದಕ್ಕೆ ನೀಡಲಾದ ಕಾರಣಗಳಲ್ಲೊಂದು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯೇ ಇರಬಹುದು. ಕಾನೂನಿಗೆ ಗಡಿಯಾರ ಬೇಕಾಗುತ್ತದೆ. ಆದರೆ ವಿಪರ್ಯಾಸವನ್ನು ಗಮನಿಸಿ. ಆ ದೃಶ್ಯವನ್ನು ತೋರಿಸಿ ಲಾಭ ಪಡೆಯುವುದಕ್ಕೆ ಕಾಲ ಮೀರಿಲ್ಲ, ಅದರ ಪಾಲು ಕೇಳುವುದಕ್ಕೆ ಮಾತ್ರ ಕಾಲ ಮೀರಿದೆ. ಕಾಲಮಿತಿಯಿಂದ ಮೊಕದ್ದಮೆ ಸಾಯಬಹುದು, ಋಣ ಸಾಯುವುದಿಲ್ಲ.

ಗತ ಋತುಗಳೊಂದಿಗೆ ಈ ಸಂಸ್ಥೆಗಳು ನಡೆಸಿದ ಇನ್ನೊಂದು ವ್ಯವಹಾರ ಅಳಿಸುವಿಕೆ. ನಿಯಮ ಮುರಿದದ್ದು ಸಾಬೀತಾದರೆ ಆ ಋತುವಿನ ಗೆಲುವುಗಳನ್ನು ದಾಖಲೆಯಿಂದ ಕಿತ್ತು ಹಾಕಲಾಗುತ್ತದೆ. 1991ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಸೇರಿದ ಐವರು ಕರಿಯ ಯುವಕರು 1992 ಮತ್ತು 1993ರಲ್ಲಿ ಸತತ ಎರಡು ಬಾರಿ ತಂಡವನ್ನು ಫೈನಲ್‌ಗೆ ಒಯ್ದರು. ಅವರ ಪೈಕಿ ಕ್ರಿಸ್ ವೆಬ್ಬರ್ ಒಬ್ಬರು ತಂಡದ ಬೆಂಬಲಿಗನೊಬ್ಬನಿಂದ ಹಣ ಪಡೆದಿದ್ದರು ಎಂಬ ಪ್ರಕರಣದಲ್ಲಿ 2002ರಲ್ಲಿ ವಿಶ್ವವಿದ್ಯಾಲಯವು ಆ ಫೈನಲ್‌ಗಳ ಪತಾಕೆಗಳನ್ನು ಕೆಳಗಿಳಿಸಿತು. ಹಣ ಮುಟ್ಟದ ನಾಲ್ವರ ಬೆವರೂ ಜೊತೆಯಲ್ಲೇ ಅಳಿಸಿ ಹೋಯಿತು. ಆದರೆ ಆ ಪಂದ್ಯಗಳ ಟಿಕೇಟು ಮಾರಿ, ಅಂಗಿ ಮಾರಿ ಬಂದ ಹಣ?

ರೆಜ್ಜಿ ಬುಷ್‌ರದು ಇನ್ನೂ ವಿಚಿತ್ರ ಪ್ರಕರಣ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಈ ಫುಟ್ಬಾಲ್ ಆಟಗಾರನಿಗೆ 2005ರಲ್ಲಿ ಕಾಲೇಜು ಫುಟ್ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್‌ಮನ್ ಪ್ರಶಸ್ತಿ ಸಂದಿತು. ಅವರೂ ಅವರ ಕುಟುಂಬವೂ ಹೊರಗಿನವರಿಂದ ನೆರವು ಪಡೆದಿದ್ದರೆಂಬ ಕಾರಣಕ್ಕೆ 2010ರಲ್ಲಿ ಶಿಕ್ಷೆ ವಿಧಿಸಲಾಯಿತು. ವಿಶ್ವವಿದ್ಯಾಲಯದ 14 ಗೆಲುವುಗಳು ಅಳಿದವು. ಬುಷ್ ಪ್ರಶಸ್ತಿ ಬಿಟ್ಟುಕೊಟ್ಟರು. 2024ರ ಏಪ್ರಿಲ್‌ನಲ್ಲಿ, ಕಾಲೇಜು ಫುಟ್ಬಾಲ್‌ನ ಸನ್ನಿವೇಶ ಬದಲಾಗಿದೆ ಎಂಬ ಕಾರಣ ನೀಡಿ ಆ ಪ್ರಶಸ್ತಿಯನ್ನು ಅವರಿಗೆ ಮರಳಿಸಲಾಯಿತು.

‘ನಿಯಮ ನಿಯಮವೇ ತಾನೇ? ಅಂದು ನಿಯಮ ಪಾಲಿಸಿದವರಿಗೆ ಇದರಿಂದ ಅನ್ಯಾಯವಾಗುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒಪ್ಪಿಕೊಂಡ ನಿಯಮವನ್ನು ಗುಟ್ಟಾಗಿ ಮುರಿಯುವುದು ಸಾಧನೆಯಲ್ಲ. ಮೈದಾನದಲ್ಲೇ ಮೋಸ ನಡೆದಿದ್ದರೆ ಆ ಗೆಲುವನ್ನು ಪ್ರಶ್ನಿಸಲೇಬೇಕು. ಆದರೆ ನಿಯಮವೇ ಅನ್ಯಾಯದ್ದಾಗಿತ್ತೆಂದು ದೇಶದ ಅತ್ಯುನ್ನತ ನ್ಯಾಯಾಲಯ ಸೂಚಿಸಿದ ಮೇಲೂ ಅದನ್ನು ಮುರಿದ ಹುಡುಗನ ಹೆಸರಿನ ಮೇಲಷ್ಟೇ ಮಸಿ ಉಳಿಯಬೇಕೇ? ಅಂತಹ ನಿಯಮ ರೂಪಿಸಿ ಸಂಪತ್ತು ಕೂಡಿಟ್ಟವರ ಹೆಸರಿನ ಮೇಲೆ ಯಾವ ಕಲೆಯೂ ಬೇಡವೇ? ಶಿಕ್ಷೆಯೆಂದರೆ ಅಂಕಿಗಳನ್ನು ಅಳಿಸುವುದು ಎಂಬ ಭ್ರಮೆಯೂ ಅಷ್ಟೇ ಅಪಾಯಕಾರಿ. ಮಕ್ಕಳ ಮೇಲೆ ಸಹಾಯಕ ತರಬೇತುದಾರನೊಬ್ಬ ನಡೆಸಿದ ಘೋರ ದೌರ್ಜನ್ಯದ ಪ್ರಕರಣದಲ್ಲಿ 2012ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ 112 ಗೆಲುವುಗಳನ್ನು ಅಳಿಸಲಾಯಿತು. 2015ರಲ್ಲಿ ಅವುಗಳನ್ನು ಮರಳಿಸಲಾಯಿತು. ಅಳಿಸಿದಾಗಲಾಗಲಿ ಮರಳಿಸಿದಾಗಲಾಗಲಿ ನೊಂದ ಆ ಮಕ್ಕಳಿಗೆ ದಕ್ಕಿದ್ದೇನು? ವಿಧಿಸಲಾದ 6 ಕೋಟಿ ಡಾಲರ್ ದಂಡಕ್ಕೆ ಅರ್ಥವಿತ್ತು. ಗೆಲುವಿನ ಲೆಕ್ಕದ ಏರಿಳಿತಕ್ಕೆ ಯಾವ ಅರ್ಥವೂ ಇರಲಿಲ್ಲ.

ಹಾಗಾದರೆ ಗತ ಋತುಗಳನ್ನು ಪುನರ್‌ಪರಿಶೀಲಿಸುವ ಸರಿಯಾದ ವಿಧಾನ ಯಾವುದು? ಅಳಿಸುವುದಕ್ಕಿಂತ ಸೇರಿಸುವುದು. ವೃತ್ತಿಪರ ಬೇಸ್‌ಬಾಲ್ ಇದಕ್ಕೊಂದು ಉದಾಹರಣೆ ಒದಗಿಸಿದೆ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ತಂಡದ ಪರ ಮೈದಾನಕ್ಕಿಳಿಯುವವರೆಗೆ, ದಶಕಗಳ ಕಾಲ ಪ್ರಮುಖ ಲೀಗ್‌ಗಳ ಬಾಗಿಲು ಕರಿಯರಿಗೆ ಮುಚ್ಚಿತ್ತು. ಅವರು ತಮ್ಮದೇ ನೀಗ್ರೋ ಲೀಗ್‌ಗಳನ್ನು ಕಟ್ಟಿಕೊಂಡು ಆಡಿದರು. ಅಲ್ಲಿನ ಸಾಧನೆಗಳಿಗೆ ಅಧಿಕೃತ ದಾಖಲೆಯಲ್ಲಿ ಸ್ಥಾನವಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯು 1920ರಿಂದ 1948ರ ವರೆಗಿನ ಏಳು ಲೀಗ್‌ಗಳಿಗೆ ಪ್ರಮುಖ ಲೀಗ್‌ಗಳ ಮಾನ್ಯತೆ ನೀಡಿತು. 2024ರ ಮೇಯಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿ-ಅಂಶಗಳು ಅಧಿಕೃತ ದಾಖಲೆಗೆ ಸೇರಿದವು. ಜೋಶ್ ಗಿಬ್ಸನ್‌ರ ಬ್ಯಾಟಿಂಗ್ ಸರಾಸರಿ .372, ಟೈ ಕಾಬ್‌ರ .367ನ್ನು ಹಿಂದಿಕ್ಕಿ ಸಾರ್ವಕಾಲಿಕ ದಾಖಲೆಯಾಯಿತು.

ಆ ಲೀಗ್‌ಗಳ ಋತುಗಳು ಚಿಕ್ಕವು, ದಾಖಲೆಗಳು ಅಪೂರ್ಣ ಎಂಬ ಆಕ್ಷೇಪ ಆಗಲೇ ಕೇಳಿ ಬಂತು. ನಿಜ, ಎಲ್ಲ ಪಂದ್ಯಗಳ ದಾಖಲೆ ಸಿಕ್ಕಿಲ್ಲ. ಆದರೆ ಋತುಗಳು ಚಿಕ್ಕದಾದದ್ದು ಯಾರಿಂದ? ಬಾಗಿಲು ಮುಚ್ಚಿದವರೇ ‘ನೀವು ಒಳಗೆ ಆಡಿಲ್ಲವಲ್ಲ’ ಎಂದು ಆಕ್ಷೇಪಿಸುವುದು ಎಂತಹ ವಾದ? ಕೊರೋನಾದ 2020ರಲ್ಲಿ ಪ್ರಮುಖ ಲೀಗ್‌ನಲ್ಲಿ ಪ್ರತಿ ತಂಡಕ್ಕೂ ನಿಗದಿಯಾದದ್ದು 60 ಪಂದ್ಯಗಳು ಮಾತ್ರ. ಅದನ್ನು ಪೂರ್ಣ ಋತುವೆಂದು ಎಣಿಸಲು ಯಾರಿಗೂ ಕಷ್ಟವಾಗಲಿಲ್ಲ. ಆದರೂ ಈ ನ್ಯಾಯದಲ್ಲೊಂದು ನೋವಿದೆ. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ. ರಾಬಿನ್ಸನ್ ಆ ಬಾಗಿಲು ದಾಟಲು ಆಗ ಮೂರು ತಿಂಗಳಷ್ಟೇ ಬಾಕಿಯಿತ್ತು. ದಾಖಲೆ ಪುಸ್ತಕ ಅವರನ್ನು ಒಪ್ಪಿಕೊಂಡಾಗ ಅವರು ಅಗಲಿ 77 ವರ್ಷಗಳಾಗಿದ್ದವು.

ದಾಖಲೆ ಪುಸ್ತಕ ಹೇಳದ ಸಂಗತಿಗಳೂ ಇವೆ. 1963ರಲ್ಲಿ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡವು ಶಿಕಾಗೋದ ಲೊಯೋಲಾ ತಂಡದೊಂದಿಗೆ ಆಡಬೇಕಿತ್ತು. ಮಿಸಿಸಿಪ್ಪಿಯದು ಬರೇ ಬಿಳಿಯರ ತಂಡ. ಲೊಯೋಲಾದ ಐವರು ಪ್ರಮುಖರಲ್ಲಿ ನಾಲ್ವರು ಕರಿಯರು. ಕರಿಯರೊಂದಿಗೆ ಆಡಬಾರದೆಂಬ ಅಲಿಖಿತ ಕಟ್ಟಳೆಯಿಂದಾಗಿ ಮಿಸಿಸಿಪ್ಪಿ ತಂಡ ಹಿಂದೆ ಹಲವು ಬಾರಿ ಪಂದ್ಯಾವಳಿಯನ್ನೇ ತ್ಯಜಿಸಿತ್ತು. ಈ ಸಲವೂ ತಡೆಯಾಜ್ಞೆ ಬಂತು. ಅದು ಕೈಗೆ ತಲುಪುವ ಮುನ್ನವೇ ತಂಡ ಗುಟ್ಟಾಗಿ ರಾಜ್ಯದ ಗಡಿ ದಾಟಿತು. ಪಂದ್ಯಕ್ಕೆ ಮುನ್ನ ಎರಡೂ ತಂಡಗಳ ನಾಯಕರು ಕೈ ಕುಲುಕಿದರು. ಲೊಯೋಲಾ 61-51ರಿಂದ ಗೆದ್ದಿತು ಮತ್ತು ಮುಂದೆ ಆ ವರ್ಷದ ಪ್ರಶಸ್ತಿಯನ್ನೂ ಗಳಿಸಿತು. ಪುಸ್ತಕದಲ್ಲಿ ಮಿಸಿಸಿಪ್ಪಿಯ ಹೆಸರಿನ ಮುಂದೆ ಇರುವುದು ‘ಸೋಲು’ ಎಂಬ ಒಂದೇ ಪದ. ಆದರೆ ಆ ಸೋಲನ್ನು ಆಡಿ ಪಡೆಯಲಿಕ್ಕಾಗಿ ಆ ಯುವಕರು ಒಂದು ರಾಜ್ಯದ ದ್ವೇಷವನ್ನು ದಾಟಿ ಹೋಗಿದ್ದರು ಎಂಬುದನ್ನು ಯಾವ ಅಂಕಿ ಹೇಳೀತು?

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಗತ ಋತುವನ್ನು ಸ್ಮರಿಸುವುದೆಂದರೆ ಅದರ ಲೆಕ್ಕವನ್ನು ತೀರಿಸುವುದು. ಹಳೆಯ ದೃಶ್ಯಗಳಿಂದ ಬರುವ ಆದಾಯದಲ್ಲಿ ಒಂದು ನಿಶ್ಚಿತ ಪಾಲನ್ನು ಆಡಿದವರಿಗೆ, ಅವರು ಇಲ್ಲವಾದರೆ ಅವರ ಕುಟುಂಬಕ್ಕೆ, ನ್ಯಾಯಾಲಯದ ಆದೇಶಕ್ಕೆ ಕಾಯದೆ ನೀಡಬೇಕು. ಹಣ ಮುಟ್ಟದವರ ಗೆಲುವುಗಳನ್ನು ಅವರಿಗೆ ಮರಳಿಸಬೇಕು. ಹೊರಗಿರಿಸಲ್ಪಟ್ಟವರ ಹೆಸರುಗಳನ್ನು ಅವರು ಬದುಕಿರುವಾಗಲೇ ಸೇರಿಸಬೇಕು. ಇಷ್ಟನ್ನೂ ಮಾಡದೆ ವರ್ಷವರ್ಷವೂ ಹಳೆಯ ಗೆಲುವಿನ ಹಬ್ಬ ಆಚರಿಸುವುದು ಗೆದ್ದೆತ್ತಿನ ಬಾಲ ಹಿಡಿಯುವುದಕ್ಕಿಂತಲೂ ಕೀಳು. ಏಕೆಂದರೆ ಬಾಲ ಹಿಡಿಯುವವನು ಎತ್ತಿನ ಮೇವನ್ನು ಕಸಿಯುವುದಿಲ್ಲ.

1983ರ ಆ ಜಿಗಿತವನ್ನು ಬರುವ ಮಾರ್ಚ್‌ನಲ್ಲಿಯೂ ಕೋಟ್ಯಂತರ ಮಂದಿ ನೋಡಲಿ, ಆನಂದಿಸಲಿ. ಆದರೆ ಅದನ್ನು ತೋರಿಸುವವರು, ಆ ದೃಶ್ಯದ ಜೊತೆಗೆ ಒಂದು ಸಾಲವನ್ನೂ ತಾವು ಪ್ರತಿವರ್ಷ ಪ್ರಸಾರ ಮಾಡುತ್ತಿದ್ದೇವೆ ಎಂಬುದನ್ನು ಅರಿತಿರಲಿ.