ಹಾಡು-ಪಾಡು: ಪಿಕ್ಚರಿಗೆ ಬಾರದ ಗಿಟಾರು

ಈ ವಾರದ ಟಪಾಲಿನಲ್ಲಿ ಒಂದು ಕಾಗದ ಬಂದಿದೆ. ನೋಟುಬುಕ್ಕಿನ ನಡುವಿನ ಹಾಳೆ ಕಿತ್ತು, ಎರಡೂ ಕಡೆ ಒತ್ತೊತ್ತಾಗಿ ಬರೆದು, ಕವರಿಗೆ ತುರುಕಿ ಕಳಿಸಿದ್ದು. ಊರು ದಿಬ್ಬೂರಹಳ್ಳಿ, ಶಿಡ್ಲಘಟ್ಟ ತಾಲ್ಲೂಕು. ಹೆಸರು ಹಾಕಬೇಡಿ ಅಂತ ಕೈಮುಗಿದು ಕೇಳಿಕೊಂಡಿದ್ದಾನೆ. ಹಾಕೋದಿಲ್ಲ ಬಿಡಿ.

ಹುಡುಗ ಹಗಲು ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸಕ್ಕೆ ಹೋಗುತ್ತಾನೆ. ರಾತ್ರಿ ಮೊಬೈಲಿನಲ್ಲಿ ಅಮೆರಿಕದ 'ಫೇತ್ ನೋ ಮೋರ್' ಎಂಬ ಬ್ಯಾಂಡಿನ ಹಾಡು ಕೇಳುತ್ತಾನೆ. "ಅಪ್ಪ ಇದನ್ನ ಮಿಕ್ಸಿ ಕೆಟ್ಟೋದ ಶಬ್ದ ಅಂತಾರಣ್ಣಾ. ಗೆಳೆಯರು ನಗ್ತಾರೆ. ನಮ್ಮ ಪಿಕ್ಚರಲ್ಲಿ ಇಂಥದ್ದು ಯಾಕೆ ಬರಲ್ಲ? ನಮ್ಮೋರು ಯಾರೂ ಮಾಡಿಲ್ವಾ? ಮಾಡಿದ್ರೆ, ಉಳಕೊಂಡಿದಾರಾ?"

ಆ ಕೊನೆಯ ಪ್ರಶ್ನೆ ನೋಡಿ ನಾನು ಕಾಫಿ ಲೋಟ ಕೆಳಗಿಟ್ಟೆ. 'ಮಾಡಿದಾರಾ' ಅಂತ ಯಾರು ಬೇಕಾದರೂ ಕೇಳ್ತಾರೆ. 'ಉಳಕೊಂಡಿದಾರಾ' ಅಂತ ಕೇಳೋನು ತಾನೂ ಏನೋ ಮಾಡಬೇಕು ಅಂತ ಒಳಗೊಳಗೇ ಲೆಕ್ಕ ಹಾಕ್ತಿರ್ತಾನೆ.

ಮೊದಲು ಅವನ ಅಪ್ಪನಿಗೆ ಒಂದು ಮಾತು. ಯಜಮಾನರೇ, ಈ ಶಬ್ದ ಹುಟ್ಟಿದ್ದೇ ಕಾರ್ಖಾನೆಯಲ್ಲಿ! ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೋನಿ ಅಯೋಮಿ ಅಂತ ಹದಿನೇಳು ವರ್ಷದ ಹುಡುಗ ತಗಡಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಗಿಟಾರ್ ಹುಚ್ಚು. ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ತಂತಿ ಒತ್ತಬೇಕಾದ್ದೇ ಆ ಬೆರಳುಗಳಿಂದ. ಕಥೆ ಮುಗೀತು ಅಂದುಕೊಂಡವನಿಗೆ ಫ್ಯಾಕ್ಟರಿಯ ಮೇಲಿನವರೊಬ್ಬರು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ರೆಕಾರ್ಡು ತಂದು ಕೇಳಿಸಿದರಂತೆ. ಆ ಜಾಂಗೋಗೂ ಬೆಂಕಿ ಅನಾಹುತದಲ್ಲಿ ಎರಡು ಬೆರಳು ಸೆಟೆದುಹೋಗಿದ್ದವು. ಹುಡುಗ ಎದ್ದು ಕೂತ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ತೊಪ್ಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ನೋವಾಗದಿರಲೆಂದು ತೆಳು ತಂತಿ ಹಾಕಿದ, ಆಮೇಲೆ ಸಡಿಲ ಮಾಡಿ ಶ್ರುತಿ ಇಳಿಸಿದ. ಆಗ ಹೊರಟಿತು ನೋಡಿ, ಆ ಭಾರವಾದ ನಾದ! 1970ರ ಫೆಬ್ರವರಿ 13ಕ್ಕೆ ಅವರ 'ಬ್ಲ್ಯಾಕ್ ಸಬ್ಬತ್' ಬ್ಯಾಂಡಿನ ಮೊದಲ ರೆಕಾರ್ಡು ಬಂತು. ಹೆವಿ ಮೆಟಲ್ ಎಂಬ ವಂಶವೃಕ್ಷದ ಮೂಲಪುರುಷರು ಅವರೇ ಅಂತ ಬಲ್ಲವರು ಹೇಳುತ್ತಾರೆ.

ಬಿಸಿನೀರಿನಲ್ಲಿ ಗೂಡು ಅದ್ದಿ ಅದ್ದಿ ಬೆರಳು ಬೆಂದವರ ಮನೆಯಲ್ಲಿ ಈ ಸಂಗೀತ ಹೊಂದುತ್ತದೋ ಇಲ್ಲವೋ, ನೀವೇ ಹೇಳಿ.

ಇನ್ನು ನಿನ್ನ ಫೇತ್ ನೋ ಮೋರ್. ಸ್ಯಾನ್ ಫ್ರಾನ್ಸಿಸ್ಕೋ ಊರಿನವರು. ಹಾಡುಗಾರನನ್ನು ಬಿಟ್ಟುಕೊಟ್ಟು ಕೂತಿದ್ದಾಗ 1988ರಲ್ಲಿ ಮೈಕ್ ಪ್ಯಾಟನ್ ಎಂಬ ಪಡ್ಡೆ ಹುಡುಗ ಸಿಕ್ಕಿದ. ಎರಡೇ ವಾರದಲ್ಲಿ ಅಷ್ಟೂ ಟ್ಯೂನಿಗೆ ಸಾಹಿತ್ಯ ಬರೆದು ಹಾಡಿದ. 1989ರ 'ದಿ ರಿಯಲ್ ಥಿಂಗ್' ಅದೇ. ಮಾತಿನಂತೆ ಹಾಡೋದು, ಹಾಡಿನಂತೆ ಕಿರುಚೋದು, ನಡುವೆ ಪಿಯಾನೋ... ಮೆಟಲ್ ಮಡಿವಂತರು ಮೂಗು ಮುರಿದರು, ಹುಡುಗರು ಎತ್ತಿ ಮೆರೆಸಿದರು. ಆಲ್ಟರ್ನೇಟಿವ್ ಮೆಟಲ್ ಎಂಬ ಹಣೆಪಟ್ಟಿ ಅಂಥವರಿಗೆ ಬಿತ್ತು. 1992ರಲ್ಲಿ 'ಏಂಜಲ್ ಡಸ್ಟ್', 1993ರಲ್ಲಿ ಗಿಟಾರಿನವನು ಹೊರಗೆ, 1998ರ ಏಪ್ರಿಲ್‌ನಲ್ಲಿ ಬ್ಯಾಂಡೇ ವಿಸರ್ಜನೆ. 2009ರಲ್ಲಿ ಮತ್ತೆ ಕೂಡಿದರು, 2015ರಲ್ಲಿ ಇನ್ನೊಂದು ಆಲ್ಬಂ ತಂದರು, 2021ರಲ್ಲಿ ಪ್ಯಾಟನ್‌ಗೆ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದು ಕಾರ್ಯಕ್ರಮಗಳೆಲ್ಲ ರದ್ದು. ದುಡ್ಡು, ಹೆಸರು ಎಲ್ಲ ಇದ್ದೂ ಇಷ್ಟು ಏಳುಬೀಳು.

ಈಗ ಕೇಳು ತಮ್ಮಾ. ಅವರು ಅಲ್ಲಿ ಅಂಗಡಿ ಮುಚ್ಚಿದ ಅದೇ 1998ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಒಂದು ಅಂಗಡಿ ತೆರೆಯಿತು. ಹೆಸರು 'ಕ್ರಿಪ್ಟಾಸ್'. ಶುರು ಮಾಡಿದವರು ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ. ಆಲ್ಟರ್ನೇಟಿವ್ ಅಲ್ಲ ಇವರದು, ಅಪ್ಪಟ ಹಳೇ ಶೈಲಿ. ಎರಡು ಗಿಟಾರು ಜೋಡೆತ್ತಿನ ಹಾಗೆ ಹೆಗಲಿಗೆ ಹೆಗಲು ಕೊಟ್ಟು ಓಡಬೇಕು, ಕಂಠ ಮಾತ್ರ ಉಪ್ಪುಕಾಗದ ಉಜ್ಜಿದ ಹಾಗಿರಬೇಕು. ಇವತ್ತು ಯಾರಾದರೂ ರಾಜನ್-ನಾಗೇಂದ್ರ ಕಾಲದ ಹಾಗೇ ವಯೊಲಿನ್ ಸಾಲು ಕೂರಿಸಿ ಹಾಡು ಮಾಡಿದರೆ ಹೇಗೋ, ಇವರು ಎಂಬತ್ತರ ದಶಕದ ಮೆಟಲ್ಲಿಗೆ ಹಾಗೆ ಅಂಟಿಕೊಂಡವರು.

ಆಗ ಬೆಂಗಳೂರಿನಲ್ಲಿ ಇಂಥ ಹುಡುಗರಿಗೆ ಜಾಗವಾದರೂ ಎಲ್ಲಿತ್ತು? ಕಾಲೇಜು ಸ್ಪರ್ಧೆಗಳಿದ್ದವು, ಆಗಸ್ಟ್ 15ರ ಆಸುಪಾಸಿನಲ್ಲಿ 1996ರಿಂದ ನಡೆದುಬಂದ ಬಿಟ್ಟಿ ಕಾರ್ಯಕ್ರಮ 'ಫ್ರೀಡಂ ಜಾಮ್' ಇತ್ತು. ಅಷ್ಟೇ. ಕ್ರಿಪ್ಟಾಸ್ ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಹೊರಬಂದದ್ದು 2004ರಲ್ಲಿ. ಆರು ವರ್ಷ ಕಣ್ರೀ! ನಮ್ಮ ಗಾಂಧಿನಗರದಲ್ಲಿ ಆರು ವರ್ಷದಲ್ಲಿ ಒಬ್ಬ ಹೀರೋ ಹುಟ್ಟಿ, ಬೆಳೆದು, ಮರೆತೂ ಹೋಗಿರುತ್ತಾನೆ.

2007ರ ಮಾರ್ಚ್ 17. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಚಿಕ್ಕಬಳ್ಳಾಪುರದ ಕಡೆಯಿಂದ ಬೆಂಗಳೂರಿಗೆ ಬರೋರಿಗೆ ಹೆಬ್ಬಾಳ ದಾಟಿ ಮೇಖ್ರಿ ಸರ್ಕಲ್ ಬಂದರೆ ಅರಮನೆ ಮೈದಾನ ಗೊತ್ತೇ ಇದೆ. ಅವತ್ತು ಸಾಯಂಕಾಲ ನಮ್ಮ ಬಸ್ಸು ಅಲ್ಲಿ ನಿಂತದ್ದು ಮುಂದಕ್ಕೆ ಹೋಗಲೇ ಇಲ್ಲ. ಕಿಟಕಿಯಿಂದ ನೋಡಿದರೆ ರಸ್ತೆ ತುಂಬ ಕರಿ ಬನಿಯನ್ನು! ಪಕ್ಕದ ಅಜ್ಜಿ "ಅಯ್ಯಪ್ಪ ಮಾಲೆ ಹಾಕಿರೋರಾ?" ಅಂದರು. ಅಲ್ಲ ಅಜ್ಜಿ, ಇಂಗ್ಲೆಂಡಿನ 'ಐರನ್ ಮೇಡನ್' ಬಂದಿದೆ. ಅಷ್ಟು ದೊಡ್ಡ ಮೆಟಲ್ ಬ್ಯಾಂಡೊಂದು ಭಾರತದಲ್ಲಿ ಪೂರ್ತಿ ಕಛೇರಿ ಕೊಟ್ಟದ್ದು ಅದೇ ಮೊದಲು, ಅದೂ ಮುಂಬೈ ಬಿಟ್ಟು, ದಿಲ್ಲಿ ಬಿಟ್ಟು ನಮ್ಮಲ್ಲಿ. ನಾನು ಬಸ್ಸಿಳಿದು ಗೋಡೆಯಾಚೆ ನಿಂತೇ ಕೇಳಿದೆ, ಟಿಕೆಟ್ಟಿಗೆ ದುಡ್ಡಿರಲಿಲ್ಲ. ನೆಲ ನಡುಗಿ ಅಂಗಾಲಿಗೆ ಬರುತ್ತಿತ್ತು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದಿದ್ದ ಹುಡುಗರು ಒಳಗೆ ಒಂದೇ ಕಂಠದಲ್ಲಿ ಹಾಡುತ್ತಿದ್ದರು. ಅಣ್ಣಾವ್ರ ಪಿಕ್ಚರಿನ ಮೊದಲ ದಿನದ ಮೊದಲ ಆಟ ಬಿಟ್ಟರೆ ಅಂಥ ಕೂಗು ನಾನು ಕೇಳಿದ್ದಿಲ್ಲ. 2011ರ ಅಕ್ಟೋಬರ್ 30ಕ್ಕೆ ಅದೇ ಮೈದಾನಕ್ಕೆ ಅಮೆರಿಕದ 'ಮೆಟಾಲಿಕಾ' ಬಂತು. ಎರಡು ದಿನ ಮುಂಚೆ ಗುರ್ಗಾಂವ್‌ನಲ್ಲಿ ಅವರ ಕಛೇರಿ ರದ್ದಾಗಿ ಜನ ಸ್ಟೇಜ್ ಮುರಿದಿದ್ದರು. ಬೆಂಗಳೂರಿನ ಹುಡುಗರು ಮರ್ಯಾದೆ ಉಳಿಸಿದರು.

ಆದರೆ ಹೊರಗಿನ ಬ್ಯಾಂಡಿಗೆ ಸಾವಿರ ಸಾವಿರ ಕೊಟ್ಟು ಹೋಗೋ ಕೈ, ಊರಿನ ಬ್ಯಾಂಡಿಗೆ ನೂರು ರೂಪಾಯಿ ಬಿಚ್ಚುವಾಗ ನಡುಗುತ್ತದೆ. ಇದು ನನ್ನ ತಕರಾರು.

ಕ್ರಿಪ್ಟಾಸ್ ಏನು ಮಾಡಿತು? ಕಾಯಲಿಲ್ಲ. 2008ರಲ್ಲಿ ಎರಡನೆಯ ಆಲ್ಬಂ, 2010ರಲ್ಲಿ ಯೂರೋಪ್ ಪ್ರವಾಸ. ಭಾರತದ ಮೆಟಲ್ ಬ್ಯಾಂಡುಗಳಲ್ಲಿ ಹಾಗೆ ಊರೂರು ಸುತ್ತಿ ಬಂದವರಲ್ಲಿ ಇವರೇ ಮೊದಲಿಗರೆಂದು ಹೆಸರಾಯಿತು. 2013ರಲ್ಲಿ ಜರ್ಮನಿಯ 'ವಾಕನ್' ಉತ್ಸವದ ವೇದಿಕೆ. 2017ರಲ್ಲಿ ಮತ್ತೊಮ್ಮೆ.

ವಾಕನ್ ಅಂದರೆ ಏನಂದುಕೊಂಡೆ? ಮಹಾನಗರ ಅಲ್ಲ ತಮ್ಮಾ, ಹಳ್ಳಿ! ಸುಮಾರು ಎರಡು ಸಾವಿರ ಜನರ ಹಳ್ಳಿ, ಸುತ್ತ ಹೊಲ. 1990ರಿಂದ ವರ್ಷಕ್ಕೊಮ್ಮೆ ಅಲ್ಲಿ ಮೆಟಲ್ ಪರಿಷೆ. ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಹೊಲದಲ್ಲೇ ಡೇರೆ ಹಾಕಿ ಮಲಗುತ್ತಾರೆ. ಮಳೆ ಬಂದರೆ ಕೆಸರುಗದ್ದೆ. 2023ರಲ್ಲಂತೂ ಕೆಸರು ಎಷ್ಟಾಯಿತೆಂದರೆ ಇನ್ನು ಯಾರನ್ನೂ ಒಳಗೆ ಬಿಡೋದಿಲ್ಲ ಅಂತ ತಡೆದರು. ದಿಬ್ಬೂರಹಳ್ಳಿಯ ಹೊಲದಲ್ಲಿ ಅಂಥದ್ದನ್ನು ಯೋಚಿಸಿ ನೋಡು, ನಿನ್ನ ಅಪ್ಪ ಟೀ ಅಂಗಡಿ ಹಾಕಿಯೇ ಲಕ್ಷಾಧೀಶ!

2016ರಲ್ಲಿ ಜರ್ಮನಿಯ ಎಎಫ್ಎಂ ಕಂಪನಿ ಇವರ 'ಬರ್ನ್ ಅಪ್ ದಿ ನೈಟ್' ಬಿಡುಗಡೆ ಮಾಡಿತು. ಆಮೇಲೆ 2019, 2021, 2024 ಹೀಗೆ ಒಂದರ ಹಿಂದೆ ಒಂದು. ಕೊನೆಯದರ ಹೆಸರು 'ಡೆಸಿಮೇಟರ್'. ಇಪ್ಪತ್ತಾರು ವರ್ಷದಲ್ಲಿ ಏಳು ಆಲ್ಬಂ. ಡ್ರಮ್ಮಿನವರು ಬದಲಾದರು, ಬೇಸ್ ಗಿಟಾರಿನವರು ಬದಲಾದರು, ನೋಲನ್ ಮಾತ್ರ ಅಲ್ಲೇ.

ಸರಿ, ಪಿಕ್ಚರು ಯಾಕೆ ಕರೆಯಲಿಲ್ಲ? ನಮ್ಮ ಸಿನಿಮಾಗೆ ಪಾಶ್ಚಾತ್ಯ ಸಂಗೀತ ಹೊಸದೇನಲ್ಲ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಅಣ್ಣಾವ್ರೇ ಇಂಗ್ಲಿಷ್ ಹಾಡು ಹಾಡಿದರು, ಜಿ.ಕೆ. ವೆಂಕಟೇಶ್ ಸಂಗೀತ. 1987ರ 'ಪ್ರೇಮಲೋಕ'ದಲ್ಲಿ ಹಂಸಲೇಖ ಡ್ರಮ್ ಬಾರಿಸಿದ್ದಕ್ಕೆ ಕಾಲೇಜು ಹುಡುಗರೆಲ್ಲ ಹುಚ್ಚೆದ್ದರು. ಆದರೆ ಸಿನಿಮಾದಲ್ಲಿ ಹಾಡು ಕಥೆಯ ಕೂಲಿ. ಹೀರೋ ನಗಬೇಕು, ಹೀರೋಯಿನ್ ಓಡಬೇಕು, ನಾಲ್ಕೂವರೆ ನಿಮಿಷಕ್ಕೆ ಮುಗೀಬೇಕು. ಗಟ್ಟಿ ಗಿಟಾರು ಬಂತೆಂದರೆ ವಿಲನ್ನಿನ ಅಡ್ಡೆ ತೋರಿಸ್ತಾರೆ ಅಂತಲೇ ಅರ್ಥ. ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಷರೀಫರ ತತ್ವಪದಕ್ಕೆ ಗಿಟಾರು ಹಿಡಿದರು, 2008ರ 'ಸೈಕೋ' ಚಿತ್ರದಿಂದ ಒಳಗೂ ಬಂದರು. ಅದು ಕನ್ನಡದ ಪದ, ಜನಕ್ಕೆ ಹತ್ತಿತು. ಕ್ರಿಪ್ಟಾಸ್ ಹಾಡೋದು ಇಂಗ್ಲಿಷಿನಲ್ಲಿ. ಜರ್ಮನಿಗೆ ದಾರಿ ಮಾಡಿದ್ದೂ ಅದೇ, ಶಿಡ್ಲಘಟ್ಟದ ದಾರಿ ಮುಚ್ಚಿದ್ದೂ ಅದೇ. ಬೆಂಗಳೂರಿನಿಂದ ಅಷ್ಟೇನೂ ದೂರವಿಲ್ಲದ ಊರಿನಲ್ಲಿರೋ ನೀನು ಸ್ಯಾನ್ ಫ್ರಾನ್ಸಿಸ್ಕೋ ಬ್ಯಾಂಡು ಬಲ್ಲೆ, ಇವರನ್ನ ಅರಿಯೆ. ಇದರಲ್ಲಿ ತಪ್ಪು ನಿನ್ನದೊಂದೇ ಅಲ್ಲ.

ಕನ್ನಡದಲ್ಲಿ ಮೆಟಲ್ ಕೂರಲ್ಲ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ನಿಮ್ಮ ಕಡೆ ಎಷ್ಟೋ ಜನಕ್ಕೆ ಮನೆಮಾತು ತೆಲುಗು, ಶಾಲೆ ಮಾತು ಕನ್ನಡ, ಟೆಂಟಿನಲ್ಲಿ ಒಂದು ವಾರ ಶಂಕರ್‌ನಾಗ್, ಇನ್ನೊಂದು ವಾರ ಚಿರಂಜೀವಿ. ಭಾಷೆ ಎಲ್ಲಿ ಅಡ್ಡ ಬಂತು? ಬೈಗುಳಕ್ಕೆ ಕನ್ನಡದಷ್ಟು ಗಡಸು ಭಾಷೆ ಉಂಟೇ!

ಈ ಮಾತಿಗೆ ಸಾಕ್ಷಿಯೂ ಇದೆ. ಆಗ ಹೇಳಿದೆನಲ್ಲ ಗಣೇಶ್, ಅವರೇ ಹಾಡುವ ಇನ್ನೊಂದು ಬೆಂಗಳೂರು ಬ್ಯಾಂಡಿದೆ. 2012ರಲ್ಲಿ ಅದರ ಮೊದಲ ಆಲ್ಬಂ ಬಂತು. ಹೆಸರು 'ಬೇವರ್ ಸೀ'. ಇಂಗ್ಲಿಷಿನಲ್ಲಿ ಬರೆದರೆ ಯಾವುದೋ ಸಮುದ್ರದ ಹೆಸರು. ಜೋರಾಗಿ, ಒಂದೇ ಉಸಿರಿನಲ್ಲಿ ಓದಿ ನೋಡಿ... ಅಪ್ಪ ಇಲ್ಲದಾಗ.

ಉಳಕೊಂಡಿದಾರಾ ಅಂತ ಕೇಳಿದ್ದೆಯಲ್ಲ, ಉಳಕೊಂಡಿದ್ದಾರೆ ತಮ್ಮಾ. ಬಂಗಲೆ ಕಟ್ಟಿಸೋ ಸಂಗೀತ ಅಲ್ಲ ಇದು, ಹಗಲಿನ ಕೆಲಸ ಬಿಡಬೇಡ. ಗೂಡಿಗೆ ರೇಟು ಬಂದಾಗ ಗಿಟಾರು ತಗೋತೀನಿ ಅಂತ ಬರೆದಿದ್ದೀಯ. ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ನೋಡು, ತಂತಿ ತೆಳುವಾದ್ದನ್ನೇ ಹಾಕಿಸು, ನಿನ್ನ ಬೆರಳಿನ ಸ್ಥಿತಿಗೆ ಅದೇ ಸರಿ. ಬ್ಯಾಂಡಿಗೆ ಹೆಸರು ಸೂಚಿಸಿ ಅಂತಲೂ ಕೇಳಿದ್ದೀಯ. ಒಳ್ಳೆಯ ಬೈಗುಳ ಒಂದು ಆಗಲೇ ಹೋಯಿತು. ಬೇರೆ ಯೋಚಿಸಿ ಬರಿ.